ಎಷ್ಟು ಇಳಿಯುತ್ತೆ ಅಂತಲ್ಲ, ಎಷ್ಟು ಏರುತ್ತೆ ಅಂತ ಕೇಳಿ

ಹೊಳಲ್ಕೆರೆ ಕಡೆಯ ನನ್ನ ಗೆಳೆಯನೊಬ್ಬ ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಜರ್ಮನ್ ಸೆಡಾನ್ ತಂದ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದಕ್ಕೆ ಕಾಯಿಲೋವರ್ ಸಸ್ಪೆನ್ಷನ್ ಹಾಕಿಸಿ 50 ಮಿಲಿಮೀಟರ್ ಇಳಿಸಿದ. ದುರ್ಗದ ಕೋಟೆ ಮುಂದೆ, ವಾಣಿ ವಿಲಾಸ ಸಾಗರದ ದಾರಿಯಲ್ಲಿ ಫೋಟೊ ತೆಗೆಸಿಕೊಂಡ. ಫೋಟೊದಲ್ಲಿ ಕಾರು ನೆಲಕ್ಕೆ ಅಂಟಿದ ಹಾಗೆ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು.

ನೂರು ಸಿಸಿ ಬೈಕಿನಲ್ಲಿ ತಾಲ್ಲೂಕು ಕಚೇರಿಯಿಂದ ಪೊಲೀಸ್ ಠಾಣೆಗೆ ಅಲೆಯುವ ಜಿಲ್ಲಾ ವರದಿಗಾರನಿಗೆ ಐಷಾರಾಮಿ ಕಾರಿನ ಸಸ್ಪೆನ್ಷನ್ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಶೋಕಿ ಮಾಡುವವರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಗೆಜ್ಜೆ ಕಟ್ಟುವ, ಟ್ರ್ಯಾಕ್ಟರ್ ಹಿಂದೆ ಮಗಳ ಹೆಸರು ಬರೆಸುವ ಊರಿನವರು ನಾವು. ದುಡಿದ ದುಡ್ಡಲ್ಲಿ ಗಾಡಿ ಚಂದ ಮಾಡಿಕೊಳ್ಳುವ ಆಸೆ ತಪ್ಪಲ್ಲ. ಬರೆಯುತ್ತಿರುವುದು ಒಂದು ರಾತ್ರಿಯ ಕಾರಣಕ್ಕೆ.

ಆ ರಾತ್ರಿ ಗೆಳೆಯನ ಅಪ್ಪನಿಗೆ ಎದೆ ನೋವು ಬಂತು. ಅಪ್ಪನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅಮ್ಮ ಮತ್ತು ತಮ್ಮನನ್ನು ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೊರಟ. ಊರು ದಾಟುವ ಮೊದಲೇ ಒಂದು ಹಂಪ್. ದಿನಾ ಒಬ್ಬನೇ ಹೋಗುವಾಗ ಓರೆಯಾಗಿ, ಮೆಲ್ಲಗೆ ಹತ್ತಿಸಿ ಇಳಿಸಿಕೊಳ್ಳುತ್ತಿದ್ದ ಹಂಪ್ ಅದು. ಅವತ್ತು ನಾಲ್ಕು ಜನರ ಭಾರ, ಮೇಲೆ ಆತುರ. ಕೆಳಗಿನಿಂದ ದೊಡ್ಡ ಸದ್ದು ಬಂತು. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್‌ನ ಕೆಂಪು ದೀಪ. ಅಲ್ಯೂಮಿನಿಯಂ ಆಯಿಲ್ ಸಂಪ್ ಸೀಳಿತ್ತು. ಅಪ್ಪ ಆಸ್ಪತ್ರೆ ತಲುಪಿದ್ದು ಪಕ್ಕದ ಮನೆಯವರ ಟಾಟಾ ಏಸ್‌ನ ಮುಂದಿನ ಸೀಟಿನಲ್ಲಿ. ಬದುಕಿಕೊಂಡರು. ಗೆಳೆಯ ಮಾತ್ರ ಮರುದಿನ ಫೋನ್ ಮಾಡಿ, "ಗಾಡಿ ಮಾರಿಬಿಡ್ತೀನಿ ಕಣೋ" ಅಂದ.

ಆ ಹಂಪ್ ಅಲ್ಲಿಗೆ ಯಾಕೆ ಬಂತು ಅಂತ ನನಗೆ ಗೊತ್ತಿತ್ತು. ಶಾಲೆಗೆ ಹೊರಟಿದ್ದ ಹುಡುಗಿಗೆ ಲಾರಿ ಬಡಿದ ದಿನ ಸುದ್ದಿ ಬರೆದವನು ನಾನೇ. ಊರವರು ರಸ್ತೆ ತಡೆದರು. ಸಂಜೆಯೊಳಗೆ ಜಲ್ಲಿ, ಡಾಂಬರು ಸುರಿದು ಹಂಪ್ ಎಬ್ಬಿಸಿದರು. ಹಾಗಾಗಿ ಹಂಪ್ ತಪ್ಪು ಅನ್ನಲು ನನ್ನಿಂದಾಗುವುದಿಲ್ಲ. ಕಾರು ಇಳಿಸಿದ್ದೇ ತಪ್ಪು ಅಂತ ಕೈತೊಳೆದುಕೊಳ್ಳಲೂ ಆಗುವುದಿಲ್ಲ. ಒಂದು ಭಾನುವಾರ ಟೇಪು ಹಿಡಿದುಕೊಂಡು ಇಬ್ಬರೂ ಅಲ್ಲಿಗೆ ಹೋದೆವು.

ಹಂಪಿನ ಎತ್ತರ 110 ಮಿ.ಮೀ., ಅಗಲ ಒಂದು ಮೀಟರಿನಷ್ಟು. ಕಂಪನಿಯಿಂದ ಬಂದಾಗ ಗೆಳೆಯನ ಕಾರಿನ ಹೊಟ್ಟೆಗೂ ನೆಲಕ್ಕೂ 160 ಮಿ.ಮೀ. ಅಂತರವಿತ್ತು. ಇಳಿಸಿದ ಮೇಲೆ ಉಳಿದದ್ದು 110. ನಾಲ್ಕು ಜನ ಕೂತರೆ ಇನ್ನೂ 25 ಮಿ.ಮೀ. ಕುಸಿಯುತ್ತದೆ, ಅಲ್ಲಿಗೆ 85. ಒಬ್ಬನೇ ಹೋಗುವಾಗ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತಿದ್ದದ್ದು ಮನೆಮಂದಿ ಕೂತಾಗ ಯಾಕೆ ಬಡಿಯಿತು ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಈಗ ಇನ್ನೊಂದು ಲೆಕ್ಕ ನೋಡಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ರಸ್ತೆಯ ಹಂಪ್ 3.7 ಮೀಟರ್ ಅಗಲ, 100 ಮಿ.ಮೀ. ಎತ್ತರ ಇರಬೇಕು. ಬೆನ್ನು 17 ಮೀಟರ್ ತ್ರಿಜ್ಯದ ಕಮಾನಿನಂತೆ ಇಳಿಜಾರಾಗಿರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲೆಂದು ಮಾಡಿದ ಅಳತೆ ಇದು. ಈ ಸೆಡಾನಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸುಮಾರು 2.85 ಮೀಟರ್. ಅಂದರೆ ಅಂಥ ಹಂಪ್ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ಏರಿ ನಿಲ್ಲುತ್ತವೆ, ಕಾರಿನ ಹೊಟ್ಟೆಯೂ ಜೊತೆಗೆ ಮೇಲೇಳುತ್ತದೆ. ಆಗ ಹೊಟ್ಟೆಯ ಕೆಳಗೆ ಬೇಕಾಗುವ ಜಾಗ ಬರೀ 60 ಮಿ.ಮೀ. ಗೆಳೆಯನ ಕಾರು 50 ಮಿ.ಮೀ. ಇಳಿದು, ಮನೆಮಂದಿಯನ್ನು ಹೊತ್ತಿದ್ದರೂ 25 ಮಿ.ಮೀ. ಉಳಿಸಿಕೊಂಡು ದಾಟುತ್ತಿತ್ತು. ನಮ್ಮೂರ ಹಂಪ್ ನಿಯಮಕ್ಕಿಂತ ಹತ್ತೇ ಮಿಲಿಮೀಟರ್ ಎತ್ತರ. ಆದರೆ ಅಗಲ ಮೂರು ಪಟ್ಟಿಗಿಂತ ಕಡಿಮೆ. ಕಾರಿನ ಸಂಪ್ ಒಡೆದದ್ದು ಎತ್ತರ ಅಲ್ಲ, ಇಲ್ಲದ ಅಗಲ.

ರಸ್ತೆ ಸರಿಯಾಗುವವರೆಗೆ ಕಾಯಿರಿ ಅಂತ ಯಾರಿಗೂ ಹೇಳಲಾರೆ. ಹಿರಿಯೂರು, ಹೊಸದುರ್ಗದ ಹುಡುಗರು ಆಗಲೇ ರೇಟು ವಿಚಾರಿಸುತ್ತಿದ್ದಾರೆ. ಅವರಿಗೆ ನಾಲ್ಕು ಮಾತು.

ಕಾಯಿಲೋವರ್ ಅಂದರೆ ಶಾಕ್ ಅಬ್ಸಾರ್ಬರ್ ಮತ್ತು ಅದರ ಸುತ್ತ ಕೂತ ಕಾಯಿಲ್ ಸ್ಪ್ರಿಂಗ್ ಸೇರಿದ ಒಂದೇ ಘಟಕ. ಹೊಂದಾಣಿಕೆಯ ಕಿಟ್‌ನಲ್ಲಿ ಶಾಕ್‌ನ ಮೈಮೇಲೆ ಬೋಲ್ಟಿನ ಹಾಗೆ ಮರೆ ಇರುತ್ತದೆ. ಸ್ಪ್ರಿಂಗ್ ಕೂರುವ ಬಳೆಯನ್ನು ಸ್ಪ್ಯಾನರ್‌ನಿಂದ ತಿರುಗಿಸಿ ಕಾರನ್ನು ಏರಿಸಬಹುದು, ಇಳಿಸಬಹುದು. ಬರೀ ಗಿಡ್ಡ ಸ್ಪ್ರಿಂಗ್ ಹಾಕಿಸಿದರೆ ಖರ್ಚು ಕಡಿಮೆ, ಆದರೆ ಒಮ್ಮೆ ಇಳಿದದ್ದು ಇಳಿದಂತೆಯೇ. ಜೊತೆಗೆ ಎತ್ತರದ ಸ್ಪ್ರಿಂಗಿಗೆ ಹೊಂದಿಸಿದ್ದ ಹಳೆಯ ಶಾಕ್ ಬೇಗ ಸೋಲುತ್ತದೆ. ಲಕ್ಷಗಟ್ಟಲೆ ಸುರಿದು ಕಾಯಿಲೋವರ್ ಹಾಕಿಸುವ ಲಾಭವೇ ಏರಿಸುವ ಅವಕಾಶ. ಆದರೆ ಎಲ್ಲರೂ ಕೇಳುವುದು "ಎಷ್ಟು ಇಳಿಯುತ್ತೆ?" ಅಂತ. ಕೇಳಬೇಕಾದದ್ದು "ಎಷ್ಟು ಏರುತ್ತೆ?" ಅಂತ. ಕೆಲವು ಕಿಟ್‌ಗಳನ್ನು ಪೂರ್ತಿ ಏರಿಸಿದರೂ ಕಾರು ಮೂಲ ಎತ್ತರಕ್ಕಿಂತ 25–30 ಮಿ.ಮೀ. ಕೆಳಗೇ ಇರುತ್ತದೆ. ಅಂಥದ್ದು ನಮ್ಮ ಜಿಲ್ಲೆಗೆ ಬೇಡ.

ಎರಡನೆಯದು ಡ್ಯಾಂಪಿಂಗ್. ಅಂದರೆ ಶಾಕ್ ಎಷ್ಟು ಬಿಗಿಯಾಗಿ ಕುಸಿಯುತ್ತದೆ, ಎಷ್ಟು ಬೇಗ ಮೇಲೇಳುತ್ತದೆ ಎಂಬ ಲೆಕ್ಕ. ಬಿಲ್‌ಸ್ಟೈನ್ ಬಿ14ರಲ್ಲಿ ಎತ್ತರ ಮಾತ್ರ ಬದಲಿಸಬಹುದು, ಬಿ16ರಲ್ಲಿ ಡ್ಯಾಂಪಿಂಗ್ ಕೂಡ. ಕೆಡಬ್ಲ್ಯು ಕಂಪನಿಯ ವೇರಿಯಂಟ್ 1ರಲ್ಲಿ ಎತ್ತರ ಮಾತ್ರ. ವೇರಿಯಂಟ್ 2ರಲ್ಲಿ ಮೇಲೇಳುವ ವೇಗವನ್ನೂ, 3ರಲ್ಲಿ ಕುಸಿಯುವುದು, ಏಳುವುದು ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಐಮಂಗಲದ ಹತ್ತಿರ ಹೆದ್ದಾರಿಯಲ್ಲಿ ನೂರರ ವೇಗ, ಅರ್ಧ ಗಂಟೆಗೆ ಹಳ್ಳಿ ರಸ್ತೆಯ ಗುಂಡಿ. ಎರಡನ್ನೂ ಒಂದೇ ದಿನ ಕಾಣುವ ನಮಗೆ ಇನ್ನೂ ಎರಡಿಂಚು ಇಳಿಸುವುದಕ್ಕಿಂತ ಈ ಹೊಂದಾಣಿಕೆಗೆ ದುಡ್ಡು ಕೊಡುವುದು ಮೇಲು. ಕಾರಿಗೆ ಕಂಪನಿಯೇ ಕೊಟ್ಟ ಎಲೆಕ್ಟ್ರಾನಿಕ್ ಡ್ಯಾಂಪರ್ ಇದ್ದರೆ ಅದಕ್ಕೆ ಕೂಡುವ ಕಿಟ್ ಬೇರೆಯೇ ಇರುತ್ತದೆ. ವಿಚಾರಿಸದೆ ತಂದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಆರುವುದಿಲ್ಲ.

ಮೂರನೆಯದು ನಮ್ಮ ಧೂಳು. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆಯ ಕೆಂಪು ಧೂಳು ಮಳೆನೀರಿನೊಂದಿಗೆ ಸೇರಿ ಮರೆಯೊಳಗೆ ಕೂತರೆ ಬಳೆ ಹಿಡಿದುಕೊಳ್ಳುತ್ತದೆ. ಆಮೇಲೆ ಹೊಂದಾಣಿಕೆ ಎಂಬುದು ರಸೀದಿಯಲ್ಲಿ ಮಾತ್ರ. ಸ್ಟೇನ್‌ಲೆಸ್ ಸ್ಟೀಲ್ ಮೈಯಿನ ಕಿಟ್ ಸಿಕ್ಕರೆ ಅದನ್ನೇ ತಗೊಳ್ಳಿ. ಮಳೆಗಾಲದ ಮುಂಚೆ, ನಂತರ ಮರೆ ತೊಳೆಸಿ, ಬಳೆಯನ್ನು ಒಮ್ಮೆ ತಿರುಗಿಸಿ ನೋಡಿ. ಎತ್ತರ ಬದಲಿಸಿದ ಪ್ರತಿ ಸಲವೂ ವ್ಹೀಲ್ ಅಲೈನ್‌ಮೆಂಟ್ ಆಗಲೇಬೇಕು, ಇಲ್ಲದಿದ್ದರೆ ಟಯರಿನ ಒಳಅಂಚು ತಿಂಗಳುಗಳಲ್ಲಿ ಸವೆದುಹೋಗುತ್ತದೆ. ಹೆಡ್‌ಲೈಟಿನ ದಿಕ್ಕನ್ನೂ ನೋಡಿಸಿ.

ನಾಲ್ಕನೆಯದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ ₹5,000 ದಂಡ, ಅಥವಾ ಎರಡೂ ಎಂಬ 182ಎ ಕಲಂ ಬಂತು. ನೋಂದಣಿ ಪತ್ರದಲ್ಲಿ ಸ್ಪ್ರಿಂಗಿನ ಎತ್ತರ ಬರೆದಿರುವುದಿಲ್ಲ ಎಂದು ವಾದಿಸುವ ಅಂಗಡಿಯವರಿದ್ದಾರೆ. ಅಪಘಾತದ ದಿನ ನಿಮ್ಮ ಪರ ನಿಲ್ಲಲು ಅಂಗಡಿಯವರು ಬರುವುದಿಲ್ಲ. ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಒಪ್ಪದಿದ್ದರೆ ಮಾಡಿಸಬೇಡಿ.

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ಓಡುವ ಕಾರುಗಳಿಗೂ ಇದೇ ಜಾತಿಯ ಸಸ್ಪೆನ್ಷನ್ ಇರುತ್ತದೆ. ಮಣ್ಣು ದಾರಿಗೆ ಬಂದಾಗ ಅವರು ಕಾರನ್ನು ಎತ್ತರಕ್ಕೇರಿಸಿಕೊಳ್ಳುತ್ತಾರೆ. ಗೆಲ್ಲಬೇಕಾದವರು ದಾರಿ ನೋಡಿ ಎತ್ತರ ಇಡುತ್ತಾರೆ. ನಾವು ಫೋಟೊ ನೋಡಿ ಇಡುತ್ತಿದ್ದೇವೆ.

ಇನ್ನು ರಸ್ತೆಯ ಮಾತು. ಒಂದು ಮೀಟರ್ ಅಗಲದ ಹಂಪ್ ಬರೀ ದುಬಾರಿ ಕಾರಿಗೆ ಪೆಟ್ಟು ಕೊಡುವುದಿಲ್ಲ. 108ರ ಆಂಬುಲೆನ್ಸಿನಲ್ಲಿ ಮಲಗಿದ ಬಾಣಂತಿಯ ಬೆನ್ನಿಗೂ, ರಾತ್ರಿ ಹಂಪ್ ಕಾಣದೆ ಬೀಳುವ ಬೈಕ್ ಸವಾರನಿಗೂ ಕೊಡುತ್ತದೆ. ಅಂಥ ಸವಾರರ ಸುದ್ದಿಯನ್ನು ನಾನು ಎಷ್ಟು ಸಲ ಮೂರು ಸಾಲಿನಲ್ಲಿ ಕಳಿಸಿದ್ದೇನೋ ಲೆಕ್ಕವಿಲ್ಲ. ಹುಡುಗಿ ಸತ್ತ ಜಾಗದಲ್ಲಿ ಹಂಪ್ ಇರಲೇಬೇಕು. ಅದು 3.7 ಮೀಟರ್ ಅಗಲ ಇರಲಿ, ಬಿಳಿ ಪಟ್ಟೆ ಇರಲಿ, ಮುಂಚೆಯೇ ಎಚ್ಚರಿಸುವ ಫಲಕ ಇರಲಿ. ಅಷ್ಟು ಮಾಡಲು ಬೇಕಾದ ಜಲ್ಲಿ, ಡಾಂಬರು ಒಂದು ಕಾಯಿಲೋವರ್ ಕಿಟ್‌ಗಿಂತ ದುಬಾರಿಯೇನಲ್ಲ. ಈ ಅಳತೆ ಬರೆದು ಗ್ರಾಮ ಪಂಚಾಯಿತಿಗೂ ಲೋಕೋಪಯೋಗಿ ಇಲಾಖೆಗೂ ಅರ್ಜಿ ಕೊಟ್ಟಿದ್ದೇವೆ. ಮೊದಲ ಸಹಿ ಗೆಳೆಯನ ಅಪ್ಪನದು.

ಗೆಳೆಯ ಕಾರು ಮಾರಲಿಲ್ಲ. ಅವನ ಅದೃಷ್ಟ, ಅವನ ಕಿಟ್ ಮೂಲ ಎತ್ತರಕ್ಕೆ 15 ಮಿ.ಮೀ. ಹತ್ತಿರದವರೆಗೂ ಏರುತ್ತಿತ್ತು. ಸಂಪ್ ಬದಲಿಸಿ, ಪೂರ್ತಿ ಏರಿಸಿ, ಅಲೈನ್‌ಮೆಂಟ್ ಮಾಡಿಸಿದ. ಈಗ ನಾಲ್ಕು ಜನ ಕೂತರೂ 120 ಮಿ.ಮೀ. ಉಳಿಯುತ್ತದೆ. ಆ ಹಂಪ್ ಮೇಲೆ ಹೊಟ್ಟೆಗೂ ಡಾಂಬರಿಗೂ ನಡುವೆ ಹತ್ತು ಮಿಲಿಮೀಟರ್ ಸಂದು. ಹೋದ ವಾರ ಅಪ್ಪನನ್ನು ತಪಾಸಣೆಗೆ ಚಿತ್ರದುರ್ಗಕ್ಕೆ ಕರೆದೊಯ್ಯುವಾಗ ನಾನೂ ಜೊತೆಗಿದ್ದೆ. ಹಂಪ್ ಬಂದಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ದಾಟಿದ ಮೇಲೆ ಅಪ್ಪನೇ, "ಸದ್ದು ಬರಲಿಲ್ಲ, ನಡಿ" ಅಂದರು.