ಒಂದು ಗಂಟೆಯ ಲೆಕ್ಕ

‘ಶಿವಮೊಗ್ಗದಿಂದ ಬೆಂಗಳೂರಿಗೆ ಒಂದೇ ಗಂಟೆ!’ 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದಂದಿನಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅದೇ ವರ್ಷ ಆಗಸ್ಟ್ 31ರಂದು ಮೊದಲ ಪ್ರಯಾಣಿಕ ವಿಮಾನ ಬಂದಿಳಿದಾಗ ನಾನೂ ಹೆಮ್ಮೆಪಟ್ಟವಳೇ. ಆದರೆ ಈ ಒಂದು ಗಂಟೆ ಯಾರದು ಎಂದು ಯಾರಾದರೂ ಕೇಳಬೇಕಲ್ಲ?

ಮಕ್ಕಳಿಗೆ ದೂರ, ವೇಗ, ಕಾಲದ ಲೆಕ್ಕ ಹೇಳಿಕೊಡುವವಳು ನಾನು. ಸೋಗಾನೆಯಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 240 ಕಿಲೋಮೀಟರು. ಪಂಖದ ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿಲೋಮೀಟರಿನ ಆಸುಪಾಸು. ಭಾಗಿಸಿದರೆ ಅರ್ಧ ಗಂಟೆಯೂ ಆಗದು. ಹಾಗಾದರೆ ಟಿಕೆಟ್ಟಿನಲ್ಲಿ ಒಂದು ಗಂಟೆ ಏಕೆ? ವಿಮಾನ ನಿಂತಲ್ಲಿಂದ ಕದಲಿ ರನ್‌ವೇ ಸೇರಬೇಕು, ಮೇಲೇರಬೇಕು, ಇಳಿಯಲು ಸರದಿ ಕಾಯಬೇಕು, ಇಳಿದ ಮೇಲೆ ತನ್ನ ಜಾಗಕ್ಕೆ ಉರುಳಿ ಹೋಗಬೇಕು. ಇದೆಲ್ಲ ಸೇರಿದ ಕಾಲ ಅದು. ತಪ್ಪು ಲೆಕ್ಕವಲ್ಲ. ಆದರೆ ಹೊರಟಲ್ಲಿಂದ ಮುಟ್ಟುವವರೆಗೆ ಎಣಿಸುವ ಈ ಮರ್ಯಾದೆ ವಿಮಾನಕ್ಕುಂಟು, ಅದರೊಳಗೆ ಕೂರುವವರಿಗಿಲ್ಲ.

2024ರ ಜುಲೈನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಅಕ್ಕನಿಗೆ ಆಪರೇಷನ್, ಮಧ್ಯಾಹ್ನ ಮೂರಕ್ಕೆ. ‘ಚಿಕ್ಕಮ್ಮ, ರಾತ್ರಿ ರೈಲು ಬೇಡ, ನಿದ್ದೆಗೆಡಬೇಡ. ವಿಮಾನದಲ್ಲಿ ಬಾ, ಒಂದೇ ಗಂಟೆ’ ಎಂದು ಅಕ್ಕನ ಮಗ ಟಿಕೆಟ್ ಮಾಡಿಸಿದ. ಬೆಳಿಗ್ಗೆ ಏಳಕ್ಕೆ ಸಾಗರದ ಮನೆ ಬಿಟ್ಟೆ. ಶಿವಮೊಗ್ಗಕ್ಕೆ ಬಸ್ಸು, ಅಲ್ಲಿಂದ ಸೋಗಾನೆಗೆ ಆಟೋ, ಮುಟ್ಟಿದಾಗ ಒಂಬತ್ತೂವರೆ. ಮೋಡ ಕವಿದಿತ್ತೆಂದು ವಿಮಾನ ಮುಕ್ಕಾಲು ಗಂಟೆ ತಡ. ದೇವನಹಳ್ಳಿಯಲ್ಲಿ ಚೀಲ ಕೈಗೆ ಬಂದಾಗ ಮುಕ್ಕಾಲೆರಡು. ನಗರದ ದಕ್ಷಿಣದ ತುದಿಯ ಆಸ್ಪತ್ರೆ ಸೇರಲು ಇನ್ನೆರಡು ಗಂಟೆ. ಅಷ್ಟರಲ್ಲಿ ಅಕ್ಕನನ್ನು ಒಳಗೆ ಕರೆದೊಯ್ದಿದ್ದರು. ಹೋಗುವ ತನಕ ಬಾಗಿಲನ್ನೇ ನೋಡುತ್ತಿದ್ದಳಂತೆ. ಅವಳು ಹುಷಾರಾದಳು, ಆ ಮಾತು ಬೇರೆ.

ತಡವಾದದ್ದು ಮಳೆಯಿಂದ ಎನ್ನುತ್ತೀರಾ? ಆ ಮುಕ್ಕಾಲು ಗಂಟೆ ಕಳೆಯಿರಿ. ಆದರೂ ಎಂಟು ಗಂಟೆ! ಸಾಗರದಿಂದ ಬಸ್ಸಿಗೂ ಹೆಚ್ಚುಕಡಿಮೆ ಅಷ್ಟೇ. ರಾತ್ರಿ ರೈಲು ಹತ್ತಿದ್ದರೆ ಬೆಳಗಿನ ಕಾಫಿಗೆ ಅವಳ ಮಂಚದ ಬಳಿ ಇರುತ್ತಿದ್ದೆ.

ಹವಾಯಿ ಚಪ್ಪಲಿ ಮೆಟ್ಟಿದವರೂ ವಿಮಾನ ಏರಲಿ ಎಂಬ ಘೋಷಣೆಯೊಂದಿಗೆ 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ಹಾರಾಟದಿಂದ ಉಡಾನ್ ಯೋಜನೆ ಶುರುವಾಯಿತು. ಆ ಯೋಜನೆಯ ಮಾರ್ಗಗಳಲ್ಲಿ ವಿಮಾನ ಕಂಪನಿಗಳ ನಷ್ಟ ತುಂಬಿಕೊಡಲು ಹಣವಿದೆ. ನಿಲ್ದಾಣಕ್ಕೆ ಒಳನಾಡಿನ ಸಂಪರ್ಕ ಕಲ್ಪಿಸುವುದು ರಾಜ್ಯದ ಹೊಣೆ ಎಂದೂ ಅದರಲ್ಲೇ ಇದೆ. ನಾನು ಹೋದ ದಿನ ನನಗೆ ಸಿಕ್ಕ ಸಂಪರ್ಕವೆಂದರೆ ಆ ಆಟೋ, ಅದೂ ಚೌಕಾಸಿ ಮಾಡಿದ ಮೇಲೆ.

ನಾನು ವಿಮಾನದ ವೈರಿಯಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ವಿಮಾನದ ಹೊತ್ತಿಗೆ ಹೊಂದುವ ಒಂದೊಂದು ಬಸ್ಸು ಬಿಡಿ, ಆಮೇಲೆ ವೇಗದ ಮಾತಾಡಿ. ನಿಲ್ದಾಣಗಳ ನಡುವಿನ ಕಾಲವನ್ನು ಊರುಗಳ ನಡುವಿನ ಕಾಲವೆಂದು ಮಾತ್ರ ಹೇಳಬೇಡಿ. ನನ್ನ ವಿದ್ಯಾರ್ಥಿ ಹೀಗೆ ಉತ್ತರ ಬರೆದರೆ ಅರ್ಧ ಅಂಕ ಕೊಟ್ಟು, ‘ಲೆಕ್ಕ ಪೂರ್ತಿ ಮಾಡು’ ಎಂದು ಬರೆಯುತ್ತೇನೆ. ದೊಡ್ಡವರಿಗೂ ಅದನ್ನೇ ಹೇಳಬೇಕಾಗಿದೆ.