ಸಹಸ್ರತಾಲ್ ದುರಂತದ ಪಾಠ: ಏರುವ ಮುನ್ನ ಇಳಿಯುವ ದಾರಿ ಗೊತ್ತಿರಲಿ

ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ 2024ರ ಮೇ 29ರಂದು ಹೊರಟಿದ್ದ 22 ಮಂದಿಯ ತಂಡದಲ್ಲಿ ಒಂಬತ್ತು ಜನ ಜೀವಂತವಾಗಿ ಮರಳಲಿಲ್ಲ. ತಂಡದ ಹೆಚ್ಚಿನವರು ಕರ್ನಾಟಕದವರು. ಸರೋವರ ನೋಡಿ ಶಿಬಿರಕ್ಕೆ ವಾಪಸಾಗುತ್ತಿದ್ದಾಗ, ಜೂನ್ 3ರ ಮಧ್ಯಾಹ್ನ, ಹಿಮಗಾಳಿ ಅವರನ್ನು ಅಡ್ಡಗಟ್ಟಿತು. ದಾರಿ ಕಾಣದಾಯಿತು. ಬದುಕುಳಿದವರು ಆ ರಾತ್ರಿಯನ್ನು ಬಯಲಲ್ಲೇ ಕಳೆದರು.

ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ಗಳಿಂದ ಹಿಮಾಲಯಕ್ಕೆ ಹೋಗುವವರ ಸಂಖ್ಯೆ ಕಡಿಮೆಯೇನಿಲ್ಲ. ಆದರೆ ಯೋಜನೆ ಎಂದರೆ ವಿಮಾನದ ಟಿಕೆಟ್, ಬೂಟು, ಜಾಕೆಟ್, ಗುರಿ ಮುಟ್ಟುವ ದಿನಾಂಕ ಎಂದೇ ಬಹಳ ಮಂದಿಯ ಲೆಕ್ಕ. ಸಹಸ್ರತಾಲ್ ನೆನಪಿಸುವುದು ಬೇರೆಯದನ್ನು: ಹವಾಮಾನ ಕೆಟ್ಟರೆ ಎಲ್ಲಿಂದ, ಎಷ್ಟು ಬೇಗ ಕೆಳಗಿಳಿಯಬಹುದು?

ಬೆಟ್ಟದ ನೆತ್ತಿಯ ಹಾದಿ ಏಕೆ ಭಿನ್ನ?

ಕಣಿವೆಯ ದಾರಿಯಲ್ಲಿ ಮರಗಳ ಮರೆ ಇರುತ್ತದೆ, ನೀರು ಸಿಗುತ್ತದೆ, ಸ್ವಲ್ಪ ನಡೆದರೆ ಊರೂ ಸಿಗಬಹುದು. ಬೆಟ್ಟಸಾಲಿನ ನೆತ್ತಿಯ ಮೇಲೆ ಇದ್ಯಾವುದೂ ಇಲ್ಲ. ಗಢವಾಲ್ ಭಾಗದಲ್ಲಿ ಸುಮಾರು 3,500 ಮೀಟರ್ ದಾಟಿದರೆ ಮರಗಳೇ ಮುಗಿಯುತ್ತವೆ. ಸಹಸ್ರತಾಲ್ ಇರುವುದು 4,000 ಮೀಟರ್‌ಗೂ ಮೇಲೆ. ಪ್ರತಿ ಸಾವಿರ ಮೀಟರ್‌ಗೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಅದಕ್ಕೆ ಬಿರುಗಾಳಿ, ಒದ್ದೆ ಬಟ್ಟೆ ಸೇರಿದರೆ ದೇಹದ ಶಾಖ ಕೆಲವೇ ಗಂಟೆಗಳಲ್ಲಿ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮಳೆಗಾಲದ ಸಹ್ಯಾದ್ರಿಯಲ್ಲೂ ಗಾಳಿ, ಮಂಜು ಇಂಥದೇ ಆಟ ಆಡುತ್ತವೆ.

ಹಾಗಾಗಿ ನಕ್ಷೆಯಲ್ಲಿ ಮೊದಲು ಗುರುತಿಸಬೇಕಾದದ್ದು ಶಿಖರವನ್ನಲ್ಲ. ಪ್ರತಿ ದಿನದ ನಡಿಗೆಯಲ್ಲಿ ಕಣಿವೆಗೆ ಇಳಿಯಲು ಸಾಧ್ಯವಿರುವ ಜಾಗಗಳು ಮತ್ತು ನೀರಿನ ತಾಣಗಳನ್ನು. ಪರ್ವತಗಳಲ್ಲಿ ಹವೆ ಹೆಚ್ಚಾಗಿ ಕೆಡುವುದು ಮಧ್ಯಾಹ್ನದ ನಂತರ. ಗುರಿ ಮುಟ್ಟಿರಲಿ, ಬಿಡಲಿ, ಇಂತಿಷ್ಟು ಗಂಟೆಗೆ ಹಿಂತಿರುಗುತ್ತೇವೆ ಎಂಬುದನ್ನು ಬೆಳಗ್ಗೆ ಹೊರಡುವಾಗಲೇ ತೀರ್ಮಾನಿಸಬೇಕು.

ರಜೆಯ ಒತ್ತಡ

3,000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎಂಬುದು ವೈದ್ಯರ ಸಲಹೆ. ಒಂದು ವಾರದ ರಜೆಯಲ್ಲಿ ಹೋಗಿಬರಬೇಕಾದ ಉದ್ಯೋಗಿಗೆ ಇದನ್ನು ಪಾಲಿಸುವುದು ಕಷ್ಟ. ಹೆಚ್ಚುವರಿ ದಿನವಿಲ್ಲದ ವೇಳಾಪಟ್ಟಿಯಲ್ಲಿ, ಮೋಡ ಕವಿದಾಗ ಶಿಬಿರದಲ್ಲೇ ಉಳಿಯುವ ಆಯ್ಕೆಯೂ ಇರುವುದಿಲ್ಲ.

ಸುದ್ದಿ ಮುಟ್ಟಿದ್ದೇ ಮರುದಿನ

ಸಹಸ್ರತಾಲ್‌ನಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಮಾರ್ಗದರ್ಶಿಯೊಬ್ಬರು ಸಿಗ್ನಲ್ ಸಿಗುವ ಜಾಗದವರೆಗೆ ನಡೆದು ಹೋಗಬೇಕಾಯಿತು. ಅಧಿಕಾರಿಗಳಿಗೆ ವಿಷಯ ತಿಳಿದಾಗ ಜೂನ್ 4ರ ಸಂಜೆ. ವಾಯುಪಡೆಯ ಹೆಲಿಕಾಪ್ಟರ್‌ಗಳು ಕಾರ್ಯಾಚರಣೆಗೆ ಇಳಿದದ್ದು 5ರಂದು. ಕರ್ನಾಟಕದ ಸಚಿವ ಕೃಷ್ಣ ಬೈರೇಗೌಡ ಡೆಹ್ರಾಡೂನ್‌ಗೆ ಧಾವಿಸಿದರು. ಉಳಿದ 13 ಮಂದಿಯನ್ನು ರಕ್ಷಿಸಲಾಯಿತು.

ಇಲ್ಲಿ ಸರ್ಕಾರದ ಪಾಲೂ ಇದೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಬಳಸುವುದು ಅಪರಾಧ. ಗಡಿ ರಾಜ್ಯಗಳ ಭದ್ರತೆಯ ದೃಷ್ಟಿಯಿಂದ ಈ ನಿರ್ಬಂಧಕ್ಕೆ ಅರ್ಥವಿದೆ. ಆದರೆ ಬಿಎಸ್‌ಎನ್‌ಎಲ್ ಮೂಲಕ ಪರವಾನಗಿ ಪಡೆದ ಸ್ಯಾಟಲೈಟ್ ಸೇವೆ ಲಭ್ಯವಿದೆ. ನೋಂದಾಯಿತ ಚಾರಣ ಸಂಸ್ಥೆಗಳಿಗೆ ಇಂಥ ಫೋನನ್ನು ಚಾರಣದ ಅವಧಿಗೆ ಬಾಡಿಗೆಗೆ ಕೊಟ್ಟು, ವಾಪಸಾದ ಮೇಲೆ ಹಿಂಪಡೆಯುವ ವ್ಯವಸ್ಥೆ ರೂಪಿಸಿದರೆ ಭದ್ರತೆಗೂ ಧಕ್ಕೆಯಿಲ್ಲ, ಜೀವಕ್ಕೂ ಆಸರೆ.

ಅಲ್ಲಿಯವರೆಗೆ ಹೊಣೆ ಚಾರಣಿಗರ ಮೇಲೂ ಇದೆ. ಹಣ ಕಟ್ಟುವ ಮೊದಲು ಆಯೋಜಕರಿಗೆ ನಾಲ್ಕು ಪ್ರಶ್ನೆ ಕೇಳಲೇಬೇಕು. ಕೆಳಗಿಳಿಯುವ ಪರ್ಯಾಯ ದಾರಿಗಳು ಯಾವುವು? ಹೆಚ್ಚುವರಿ ದಿನ ಎಷ್ಟು? ಹಿಂತಿರುಗುವ ನಿರ್ಧಾರ ಯಾರದು? ಅವಘಡವಾದರೆ ಸುದ್ದಿ ಮುಟ್ಟಿಸುವುದು ಹೇಗೆ? ಸ್ಪಷ್ಟ ಉತ್ತರ ಸಿಗದಿದ್ದರೆ ಆ ತಂಡದ ಜತೆ ಹೋಗದಿರುವುದೇ ಲೇಸು.