ಎಣ್ಣೆ ಅವರದು, ಅಪ್ಪಣೆ ಯಾರದು?

ಖಾನಾಪುರದ ಮಣ್ಣಿನ ಸಾಮಾನು ಬೆಳಗಾವಿಗೆ ಬರುವುದು ಲಾರಿಯಲ್ಲಿ; ವಡಗಾವಿ, ಖಾಸಬಾಗದ ಮಗ್ಗಗಳಿಗೆ ನೂಲು ಬರುವುದೂ ಲಾರಿಯಲ್ಲಿಯೇ. ಡೀಸೆಲ್ ದರ ಏರಿದರೆ ಬಾಡಿಗೆ ಏರುತ್ತದೆ; ನೇಕಾರನ ಕೂಲಿ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದ್ದರಿಂದ ಪರ್ಶಿಯನ್ ಕೊಲ್ಲಿಯ ರಾಜಕಾರಣ ನಮಗೇಕೆ ಎನ್ನುವಂತಿಲ್ಲ.

ನಮ್ಮ ರಾಜ್ಯದ ಮಂಗಳೂರಿನ ಎಣ್ಣೆ ಶುದ್ಧೀಕರಣ ಕಾರಖಾನೆ ಬಹುಕಾಲ ಇರಾನಿನ ಕಚ್ಚಾ ಎಣ್ಣೆ ಕೊಳ್ಳುತ್ತಿತ್ತು. 2012ರಲ್ಲಿ ಬೆಲೆಯ ಒಂದು ಭಾಗವನ್ನು ಯೂಕೋ ಬ್ಯಾಂಕಿನ ಮೂಲಕ ರೂಪಾಯಿಯಲ್ಲಿಯೇ ಸಲ್ಲಿಸುವ ಏರ್ಪಾಡಾಯಿತು. ಆ ಹಣದಿಂದ ಇರಾನು ನಮ್ಮ ಅಕ್ಕಿ, ಔಷಧಿ ಕೊಂಡಿತು. ಡಾಲರಿನ ಹಂಗಿಲ್ಲದ ವ್ಯಾಪಾರವದು. 2019ರ ಮೇ ತಿಂಗಳಲ್ಲಿ ಅಮೆರಿಕವು ಕೊಟ್ಟಿದ್ದ ವಿನಾಯಿತಿ ಮುಗಿಯಿತು. ನಮ್ಮ ಸರಕಾರ ಖರೀದಿಯನ್ನೇ ನಿಲ್ಲಿಸಿತು.

ಚೀನ ನಿಲ್ಲಿಸಲಿಲ್ಲ. 2021ರಲ್ಲಿ ಇರಾನಿನೊಡನೆ 25 ವರ್ಷಗಳ ಒಪ್ಪಂದ ಮಾಡಿಕೊಂಡಿತು. 2023ರಲ್ಲಿ ಸೌದಿ ಅರೇಬಿಯ, ಇರಾನುಗಳನ್ನು ಬೀಜಿಂಗಿನಲ್ಲಿ ಕೂಡಿಸಿ ರಾಜಿ ಮಾಡಿಸಿತು. ಇದನ್ನು ಧರ್ಮಕ್ಕಾಗಿ ಮಾಡಿತೆಂದು ನಾವು ಹೇಳುವುದಿಲ್ಲ. ಎಣ್ಣೆ ಅದರ ಗರಜು. ಸಂತೆಯಲ್ಲಿ ಒಬ್ಬನೇ ದೊಡ್ಡ ಗಿರಾಕಿ ಉಳಿದರೆ ದರ ಕಟ್ಟುವವನು ಅವನೇ ಎಂಬುದು ನಮ್ಮ ಅಂಗಡಿಕಾರರಿಗೆ ಗೊತ್ತು. ಸಂತೆಯಿಂದ ಎದ್ದು ಬಂದವರು ನಾವು.

2022ರ ಬಳಿಕ ರಷ್ಯದ ಎಣ್ಣೆ ರಿಯಾಯಿತಿಯಲ್ಲಿ ಧಾರಾಳವಾಗಿ ಬಂದಿತು. ಮನಸ್ಸಿದ್ದರೆ ಅನ್ಯರ ಅಪ್ಪಣೆಗೆ ಕಾಯದೆ ಕೊಳ್ಳಬಹುದೆಂಬುದು ಆಗ ಸಿದ್ಧವಾಯಿತು. ಆದರೆ ಆ ರಿಯಾಯಿತಿ ಪಂಪಿನ ಮುಂದೆ ನಿಂತವನ ಕೈಗೆ ಹತ್ತಲಿಲ್ಲ.

ನಮ್ಮ ಬೇಡಿಕೆ ಎರಡು. ಯಾರಿಂದ ಎಣ್ಣೆ ಕೊಳ್ಳಬೇಕೆಂಬುದನ್ನು ಪಾರ್ಲಿಮೆಂಟು ನಿರ್ಧರಿಸಲಿ, ಪರದೇಶದ ಖಜಾನೆಯಲ್ಲ. ಅಗ್ಗವಾಗಿ ಕೊಂಡದ್ದರ ಲಾಭದ ಲೆಕ್ಕ ಜನರ ಮುಂದೆ ಬರಲಿ. ಏರಿದ ದರ ತೆರುವವರು ದುಡಿಯುವವರಾದರೆ, ಇಳಿದ ದರದ ಹಕ್ಕೂ ಅವರದೇ.